ಬಲಿಪೀಠ ಮತ್ತು ಹೊದಿಕೆ: ಚರ್ಚ್ ಜಾಲತಾಣಗಳ ಥೀಮು, ಪ್ಲಗಿನ್‌ಗಳ ಇತಿಹಾಸ

ಚರ್ಚುಗಳು ಅಂತರಜಾಲಕ್ಕೆ ಕಾಲಿಟ್ಟ ಮೊದಲ ವರ್ಷಗಳಲ್ಲಿ ಪುಟದ ಅಲಂಕಾರ ಮತ್ತು ಪುಟದ ಬರಹ ಒಂದೇ ಕಡತದಲ್ಲಿ ಬೆಸೆದುಕೊಂಡಿದ್ದವು. ಬಣ್ಣ ಬದಲಿಸಬೇಕೆಂದರೂ ಪ್ರತಿಯೊಂದು ಪುಟವನ್ನು ತೆರೆದು ತಿದ್ದಬೇಕಾಗುತ್ತಿತ್ತು. 1995ರ ಕ್ರಿಸ್ಮಸ್ ವೇಳೆಗೆ ತನ್ನ ತಾಣವನ್ನು ತೆರೆದ ವ್ಯಾಟಿಕನ್‌ಗೆ ಆ ಶ್ರಮವನ್ನು ಭರಿಸುವ ಶಕ್ತಿಯಿತ್ತು. ಅದರ ತಾಂತ್ರಿಕ ಹೊಣೆಯನ್ನು ಅಮೆರಿಕದ ಫ್ರಾನ್ಸಿಸ್ಕನ್ ಸಂನ್ಯಾಸಿನಿ ಜುಡಿತ್ ಜೊಯೆಬೆಲೈನ್ ಹೊತ್ತಿದ್ದರು, ತಾಣವನ್ನು ನಡೆಸುವ ಗಣಕಗಳಿಗೆ ರಫಾಯೇಲ, ಮಿಕಾಯೇಲ, ಗಬ್ರಿಯೇಲರೆಂಬ ಪ್ರಧಾನ ದೂತರ ಹೆಸರುಗಳನ್ನಿಟ್ಟಿದ್ದರು, ಮತ್ತು ಹಳೆಯ ಚರ್ಮಪತ್ರವನ್ನು ನೆನಪಿಸುವ ಅದರ ಹಿನ್ನೆಲೆ ಬಹುಕಾಲ ಆ ತಾಣದ ಗುರುತಾಗಿ ಉಳಿಯಿತು. ಸಣ್ಣ ಸಭೆಗಳಿಗೆ ಇಂಥ ಅನುಕೂಲ ಎಲ್ಲಿಂದ ಬರಬೇಕು? ಸಂಕೇತಭಾಷೆ ಬಲ್ಲ ಒಬ್ಬ ಯುವಕನೋ ಯುವತಿಯೋ ತಾಣವನ್ನು ಕಟ್ಟಿಕೊಟ್ಟು ಓದಿಗೋ ನೌಕರಿಗೋ ಊರು ಬಿಟ್ಟರೆ, ಕಳೆದ ವರ್ಷದ ಕ್ರಿಸ್ಮಸ್ ಆರಾಧನೆಯ ವೇಳಾಪಟ್ಟಿಯೇ ಮುಂದಿನ ಈಸ್ಟರಿನವರೆಗೂ ಮುಖಪುಟದಲ್ಲಿ ನಿಂತಿರುತ್ತಿತ್ತು.

ಈ ಅವಲಂಬನೆಯನ್ನು ಸಡಿಲಿಸಿದ ಸಾಧನಗಳಲ್ಲಿ ವರ್ಡ್‌ಪ್ರೆಸ್ ಮುಖ್ಯವಾದುದು. ಫ್ರಾನ್ಸಿನ ಮಿಶೆಲ್ ವಾಲ್ದ್ರಿಗಿ ಬರೆದು ಕೈಬಿಟ್ಟಿದ್ದ ಬಿ2 ಎಂಬ, ಜಾಲದಲ್ಲಿ ದಿನಚರಿ ಬರೆಯುವ ತಂತ್ರಾಂಶವನ್ನು ಆಧರಿಸಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ 27ರಂದು ಅದರ ಮೊದಲ ಆವೃತ್ತಿಯನ್ನು ಹೊರತಂದರು. ಮುಂದಿನ ವರ್ಷದ ಮೇ ತಿಂಗಳಲ್ಲಿ ಪ್ಲಗಿನ್‌ಗಳು ಬಂದವು. ಮೂಲ ತಂತ್ರಾಂಶವನ್ನು ಮುಟ್ಟದೆ ಅದಕ್ಕೆ ಹೊಸ ಕೆಲಸವೊಂದನ್ನು ಕಲಿಸುವ ಬಿಡಿ ತುಣುಕಿಗೆ ಈ ಹೆಸರು. 2005ರ ಫೆಬ್ರುವರಿಯಲ್ಲಿ ಥೀಮುಗಳು, ಅಂದರೆ ತಾಣದ ವಿನ್ಯಾಸವನ್ನಷ್ಟೇ ನಿರ್ಧರಿಸುವ ಕಡತಗಳ ಕಟ್ಟು, ಸೇರಿಕೊಂಡವು, ಮತ್ತು ಮೈಕೆಲ್ ಹೈಲೆಮನ್ ರೂಪಿಸಿದ, ನೀಲಿ ತಲೆಪಟ್ಟಿಯ ಕುಬ್ರಿಕ್ ಎಂಬ ಥೀಮು ಲೆಕ್ಕವಿಲ್ಲದಷ್ಟು ತಾಣಗಳ ಮುಖವಾಯಿತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿ ವರ್ಡ್‌ಪ್ರೆಸ್ಸಿಗೆ ಇದ್ದುದರಿಂದ, ಕಾಣಿಕೆಯ ಹಣದಲ್ಲಿ ನಡೆಯುವ ಸಭೆಗಳ ಕೈಗೂ ಅದು ಎಟುಕಿತು.

ಆದರೂ ಚರ್ಚಿನ ಅಗತ್ಯಗಳು ದಿನಚರಿ ಬರೆಯುವವರ ಅಗತ್ಯಗಳಂತಿರಲಿಲ್ಲ. ಭಾನುವಾರದ ಪ್ರಸಂಗವನ್ನು, ಅಂದರೆ ಸಭಾಪಾಲಕರು ದೇವರ ವಾಕ್ಯವನ್ನು ವಿವರಿಸುವ ಉಪದೇಶವನ್ನು, ದಿನಾಂಕದ ಕ್ರಮದಲ್ಲಿ ಪೇರಿಸಿಟ್ಟರೆ ಸಾಲದು; ಬೋಧಕರ ಹೆಸರು, ಬೈಬಲಿನ ಯಾವ ಗ್ರಂಥದ ಯಾವ ಅಧ್ಯಾಯ, ಯಾವ ಸರಣಿ, ಧ್ವನಿಮುದ್ರಿಕೆ ಎಲ್ಲಿದೆ ಎಂಬ ವಿವರಗಳಿಂದಲೂ ಅದು ಸಿಗಬೇಕು. 2010ರ ಜೂನ್‌ನಲ್ಲಿ ಬಂದ ವರ್ಡ್‌ಪ್ರೆಸ್ 3.0 ಆವೃತ್ತಿಯು, ಲೇಖನ ಮತ್ತು ಪುಟಗಳ ಜೊತೆಗೆ ಬಳಕೆದಾರರು ತಮ್ಮದೇ ಬರಹಪ್ರಕಾರಗಳನ್ನು ಸೃಷ್ಟಿಸುವುದನ್ನು ಸುಲಭವಾಗಿಸಿದಾಗ, ‘ಪ್ರಸಂಗ’ ಎಂಬುದೇ ಒಂದು ಸ್ವತಂತ್ರ ಪ್ರಕಾರವಾಗುವ ದಾರಿ ತೆರೆಯಿತು.

ಈ ಇತಿಹಾಸದ ದೊಡ್ಡ ತಪ್ಪು ನಡೆದದ್ದು ಇಲ್ಲಿಯೇ. ಚರ್ಚುಗಳಿಗೆಂದೇ ಮಾರಾಟವಾದ ಅನೇಕ ಥೀಮುಗಳು ಪ್ರಸಂಗದ ಪ್ರಕಾರವನ್ನು ತಮ್ಮೊಳಗೇ ಹುದುಗಿಸಿಕೊಂಡವು. ಕೊಂಡ ದಿನ ಎಲ್ಲವೂ ಸಿದ್ಧವಾಗಿರುತ್ತಿದ್ದುದರಿಂದ ಸಭೆಗಳಿಗೆ ಅದು ಹಿತವೆನಿಸಿತು. ಆದರೆ ಕೆಲವು ವರ್ಷಗಳ ನಂತರ ಥೀಮನ್ನು ಬದಲಿಸಿದ ಕ್ಷಣವೇ ನಿರ್ವಾಹಕ ಫಲಕದಿಂದ ‘ಪ್ರಸಂಗಗಳು’ ಎಂಬ ಸಾಲು ಮಾಯವಾಗುತ್ತಿತ್ತು. ಬರಹಗಳು ದತ್ತಸಂಚಯದಲ್ಲಿ ಅಳಿಯದೆ ಉಳಿದಿದ್ದರೂ, ಅವುಗಳನ್ನು ಗುರುತಿಸುವ ಸಂಕೇತ ಹಳೆಯ ಥೀಮಿನೊಡನೆ ಹೊರಟುಹೋಗಿದ್ದರಿಂದ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಗಮನ ಕಾಲಕ್ಕೆ ನೇರಳೆ, ಕ್ರಿಸ್ಮಸ್ಸಿಗೆ ಬಿಳಿ ಎಂದು ಬಲಿಪೀಠದ ಹೊದಿಕೆಯನ್ನು ಬದಲಿಸುತ್ತಲೇ ಬಂದ ಪರಂಪರೆಗೆ, ಹೊದಿಕೆ ತೆಗೆದರೆ ಪೀಠವೇ ಕಾಣದಂತಾಗುವ ಈ ಏರ್ಪಾಡು ಸಲ್ಲುವಂಥದ್ದಾಗಿರಲಿಲ್ಲ.

ಇದಕ್ಕೆ ಪರಿಹಾರ ಪ್ಲಗಿನ್ನಿನಲ್ಲಿತ್ತು. ಸರ್ಮನ್ ಮ್ಯಾನೇಜರ್‌ನಂಥ ಪ್ಲಗಿನ್‌ಗಳು ಪ್ರಸಂಗಗಳನ್ನು ಥೀಮಿನ ಹಂಗಿಲ್ಲದೆ ಇರಿಸಿಕೊಂಡವು. ಚರ್ಚ್ ಥೀಮ್ ಕಂಟೆಂಟ್ ಎಂದು ಹುಟ್ಟಿ ಮುಂದೆ ಚರ್ಚ್ ಕಂಟೆಂಟ್ ಎಂದು ಹೆಸರು ಬದಲಿಸಿಕೊಂಡ ಪ್ಲಗಿನ್, ಪ್ರಸಂಗ, ಕಾರ್ಯಕ್ರಮ, ಸೇವಕರು, ಸ್ಥಳ ಎಂಬ ನಾಲ್ಕು ಪ್ರಕಾರಗಳನ್ನು ತಾನೇ ಹೊತ್ತು, ಅವುಗಳನ್ನು ತೋರಿಸುವ ಕೆಲಸವನ್ನಷ್ಟೇ ಥೀಮಿಗೆ ಬಿಟ್ಟಿತು. ವರ್ಡ್‌ಪ್ರೆಸ್ಸಿನ ಅಧಿಕೃತ ಥೀಮು ಪರಿಶೀಲಕರು ಕೂಡ ಇಂಥ ಪ್ರಕಾರಗಳನ್ನು ‘ಪ್ಲಗಿನ್ನಿನ ಸೀಮೆ’ ಎಂದು ಕರೆದು ಥೀಮುಗಳಿಂದ ಹೊರಗಿಟ್ಟರು. ಅತಿಯಾಗಿ ತುಂಬಿದ ಥೀಮಿನ ಇನ್ನೊಂದು ಅಪಾಯ 2011ರ ಆಗಸ್ಟ್‌ನಲ್ಲಿ ಬಯಲಾಗಿತ್ತು: ಚಿತ್ರಗಳ ಗಾತ್ರ ಕುಗ್ಗಿಸುವ ಟಿಮ್‌ಥಂಬ್ ಎಂಬ ಪುಟ್ಟ ಕಡತದಲ್ಲಿನ ದೋಷವು, ಆ ಕಡತ ತಮ್ಮ ಥೀಮಿನೊಳಗಿದೆ ಎಂಬುದನ್ನೇ ಅರಿಯದವರ ತಾಣಗಳಿಗೂ ಕನ್ನಗಾರರನ್ನು ಬಿಟ್ಟುಕೊಂಡಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಆರಾಧನಾಲಯಗಳ ಬಾಗಿಲು ಮುಚ್ಚಿ ನೇರಪ್ರಸಾರ ಮತ್ತು ಕಾಣಿಕೆಯ ಪ್ಲಗಿನ್‌ಗಳಿಗೆ ಒಮ್ಮೆಲೇ ಬೇಡಿಕೆ ಬಂದಾಗ, ಥೀಮು ಮತ್ತು ಪ್ಲಗಿನ್‌ಗಳ ಕೆಲಸವನ್ನು ಮೊದಲೇ ಬೇರ್ಪಡಿಸಿಕೊಂಡಿದ್ದ ಸಭೆಗಳಿಗೆ ಹೊಸ ಸೌಕರ್ಯವನ್ನು ಜೋಡಿಸಿಕೊಳ್ಳುವುದು ಕಷ್ಟವಾಗುವಂತಿರಲಿಲ್ಲ.

ಬರಹವನ್ನು ಅದರ ಹೊದಿಕೆಗೆ ಕಟ್ಟಿಹಾಕುವ ಈ ತಪ್ಪಿನ ಇನ್ನೊಂದು ರೂಪ ಕನ್ನಡದ ಓದುಗರಿಗೆ ಚೆನ್ನಾಗಿ ಗೊತ್ತು. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ಪಠ್ಯವು ನಿರ್ದಿಷ್ಟ ಫಾಂಟಿಗೆ ಅಂಟಿಕೊಂಡಿತ್ತು. ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಪಠ್ಯ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು, ಹುಡುಕಿದರೂ ಸಿಗುತ್ತಿರಲಿಲ್ಲ. 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ನಾಡಿನಲ್ಲಿ, ಅಕ್ಷರದ ರೂಪ ಚರ್ಚಿಗೆ ಸಣ್ಣ ವಿಷಯವಲ್ಲ. ರೋಮನ್ ಲಿಪಿಯನ್ನಷ್ಟೇ ಗಮನದಲ್ಲಿಟ್ಟು ರೂಪಿಸಿದ ಥೀಮುಗಳಲ್ಲಿ ಸಾಲುಗಳ ನಡುವಿನ ಅಂತರ ಕಿರಿದಾಗಿರುವುದರಿಂದ, ‘ಕ್ರಿಸ್ತ’ ಎಂಬ ಪದದ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಓದು ತೊಡಕಾಗುತ್ತದೆ. ಅದನ್ನು ಸರಿಪಡಿಸುವುದು ಥೀಮಿನ ಕೆಲಸ, ಪಠ್ಯದ್ದಲ್ಲ.

ಆದುದರಿಂದ ಸಭೆಯ ಸಮಿತಿಗಳು ಹೊಸ ಥೀಮನ್ನು ಆಯುವ ಮುನ್ನ ತಾಣದ ಒಂದು ಪ್ರತಿಯನ್ನು ಮಾಡಿಕೊಂಡು, ಆ ಪ್ರತಿಯಲ್ಲಿ ಥೀಮನ್ನು ಒಮ್ಮೆ ಬದಲಿಸಿ, ಹಳೆಯ ಪ್ರಸಂಗಗಳು ಎಂದಿನಂತೆ ತೆರೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಲಿ.