ಬೆಂದ್ರ್, ಬೆನ್ನೀರ್, ಬೆಶಿನೀರು: ಬಿಸಿನೀರಿನ ತೀರ್ಥದ ಹೆಸರೊಂದರ ವಿಚಾರ

ಭೂಮಿಯೊಳಗಿಂದ ತಾನೇ ಕಾದು ಬರುವ ನೀರಿಗೆ ಇಂದಿನ ಪಠ್ಯಪುಸ್ತಕದ ಕನ್ನಡದಲ್ಲಿ ‘ಬಿಸಿನೀರಿನ ಬುಗ್ಗೆ’ ಎಂಬ ಹೆಸರಿದೆ. ಅರ್ಥ ಸ್ಪಷ್ಟ, ಆಕ್ಷೇಪವೇನೂ ಇಲ್ಲ. ಆದರೆ ಇಂಥ ನೀರಿನ ಪಕ್ಕದಲ್ಲೇ ಬಾಳಿದ ಜನ ಅದನ್ನು ಏನೆಂದು ಕರೆದರು ಎಂದು ಕೇಳಿದರೆ ಬೇರೆಯೇ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ. ಪುತ್ತೂರು ತಾಲೂಕಿನ ಇರ್ದೆಯ ‘ಬೆಂದ್ರ್ ತೀರ್ಥ’ವನ್ನು ಮುಂದಿಟ್ಟುಕೊಂಡು ಆ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಇರ್ದೆಯಿಂದ ಪಾಣಾಜೆಗೆ ಬಂದು ಇನ್ನೂ ಸ್ವಲ್ಪ ಮುಂದೆ ಹೋದರೆ ಕೇರಳದ ಗಡಿ. 1956ರಲ್ಲಿ ಕಾಸರಗೋಡು ಆಚೆಗೆ ಸೇರಿತು. ಮಾತಿಗೆ ಮಾತ್ರ ಆ ಗಡಿ ತಾಗಲಿಲ್ಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಪಾಠ ಹೇಳುತ್ತಿದ್ದ ಕಾಲದಲ್ಲಿ ಒಮ್ಮೆ ತರಗತಿಯಲ್ಲಿ ಈ ಹೆಸರಿನ ಪ್ರಸ್ತಾಪ ಬಂತು. ಸಂಸ್ಕೃತ ಓದಿದವನ ಜಂಭ ನೋಡಿ, ‘ವೃಂದಾತೀರ್ಥವೇ ಬಾಯಿಂದ ಬಾಯಿಗೆ ಹೋಗಿ ಬೆಂದ್ರ್ ತೀರ್ಥವಾಗಿದೆ’ ಎಂದು ಹೇಳಿಬಿಟ್ಟೆ. ಹಿಂದಿನ ಬೆಂಚಿನಿಂದ ತುಳು ಮಾತಿನ ಮನೆಯ ಹುಡುಗನೊಬ್ಬ ಎದ್ದು ನಿಂತ. ‘ಅಲ್ಲ ಮಾಷ್ಟ್ರೇ, ಬೆಂದ್ರ್ ಅಂದ್ರೆ ನಮ್ಮಲ್ಲಿ ಮೀಯುವ ಬಿಸಿನೀರು. ಅಮ್ಮ ದಿನಾ ಕಾಯಿಸ್ತಾರೆ’ ಅಂದ. ಮಕ್ಕಳೆಲ್ಲ ನಕ್ಕರು. ನಾನು ಗದರಿಸಿ ಕೂರಿಸಿದೆ. ಮನೆಗೆ ಹೋಗಿ ಯೋಚಿಸಿದಾಗ ತಿಳಿಯಿತು, ಹುಡುಗನದೇ ಸರಿ. ಮರುದಿನ ಅವನಿಗೆ ಹಾಗೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಈ ಪ್ರಬಂಧ ಆ ಸಾಲದ ತೀರಿಕೆ ಎಂದುಕೊಳ್ಳಿ.

ಈಗ ಶಬ್ದವಿಚಾರ. ದ್ರಾವಿಡ ಭಾಷೆಗಳಲ್ಲಿ ಕಾವು, ಉರಿ, ಬೇಯುವಿಕೆಗಳನ್ನು ಹೇಳುವ ಒಂದು ಹಳೆಯ ಧಾತುವಿದೆ. ತಮಿಳಿನಲ್ಲಿ ಅದು ವಕಾರದಿಂದ ಆರಂಭವಾಗುತ್ತದೆ, ಕನ್ನಡ ತುಳುಗಳಲ್ಲಿ ಬಕಾರದಿಂದ. ನಮ್ಮ ಬೇ, ಬೇಯು, ಬೆಚ್ಚಗೆ, ಬಿಸಿ, ಬಿಸಿಲು ಎಲ್ಲವೂ ಒಂದೇ ಮನೆಯ ಮಕ್ಕಳು. ಈ ಧಾತುವಿಗೆ ‘ನೀರ್’ ಸೇರಿದಾಗ ತಮಿಳು ಮಲೆಯಾಳಗಳಲ್ಲಿ ‘ವೆನ್ನೀರ್’ ಆಯಿತು, ತೆಲುಗಿನಲ್ಲಿ ‘ವೇಣ್ಣೀಳ್ಳು’. ಹಳಗನ್ನಡದಲ್ಲಿ ‘ಬೆನ್ನೀರ್’. ತಣ್ಣನೆಯದು ತಣ್ಣೀರಾದಂತೆ ಬೆಚ್ಚನೆಯದು ಬೆನ್ನೀರು. ಆದರೆ ಜೋಡಿಯಲ್ಲಿ ಒಂದು ಉಳಿಯಿತು, ಒಂದು ಹೋಯಿತು. ‘ತಣ್ಣೀರಾದರೂ ತಣಿಸಿ ಕುಡಿ’ ಎಂಬ ಗಾದೆ ಇಂದಿಗೂ ಬಾಯಲ್ಲಿದೆ. ಬೆನ್ನೀರು ವ್ಯಾಕರಣದ ಸಮಾಸ ಪ್ರಕರಣದಲ್ಲಿ ಉದಾಹರಣೆಯಾಗಿ ಕುಳಿತಿದೆ, ಬಚ್ಚಲಮನೆಯಲ್ಲಿ ಕೇಳಿಸುವುದಿಲ್ಲ.

ತುಳುವಿನಲ್ಲಿ ಅದು ಬಚ್ಚಲಮನೆಯನ್ನು ಬಿಡಲಿಲ್ಲ. ಬೆನ್ನೀರ್ ಎಂಬಲ್ಲಿಯ ಈಕಾರ ಸವೆದು ಹೋದಾಗ ನಕಾರ ರಕಾರಗಳು ನೇರ ಎದುರಾದವು. ನಾಲಗೆ ಒಂದರಿಂದ ಇನ್ನೊಂದಕ್ಕೆ ಹೊರಳುವಾಗ ನಡುವೆ ದಕಾರ ಹುಟ್ಟಿತು: ಬೆಂದ್ರ್. ಇದು ವಿಚಿತ್ರವಲ್ಲ. ಸಂಸ್ಕೃತದ ‘ವಾನರ’ ಹಿಂದಿಯಲ್ಲಿ ‘ಬಂದರ್’ ಆದದ್ದೂ ಇದೇ ದಾರಿಯಲ್ಲಿ. ಕೆಲವರು ‘ಬೆಂದ ತೀರ್ಥ’ ಎಂದು ಬಿಡಿಸುವುದುಂಟು. ಬೆಂದ ಎಂಬುದು ಬೆಂದ್ರ್ ಶಬ್ದದ ದಾಯಾದಿ ಹೌದು, ತಂದೆಯಲ್ಲ. ಅಲ್ಲಿಯ ನೀರು ಹಿಮಾಚಲದ ಮಣಿಕರ್ಣದಂತೆ ಅಕ್ಕಿ ಬೇಯಿಸುವ ನೀರೂ ಅಲ್ಲ, ಮೈಗೆ ಹಿತವಾದ ಬೆಚ್ಚನೆಯ ನೀರು. ತುಳುವರು ಅದಕ್ಕೆ ತಾವು ದಿನವೂ ಮೀಯುವ ನೀರಿನ ಹೆಸರನ್ನೇ ಕೊಟ್ಟರು.

‘ತೀರ್ಥ’ ಸಂಸ್ಕೃತದ್ದು. ದಾಟುವುದೆಂಬ ಅರ್ಥದ ತೄ ಧಾತುವಿಗೆ ಥಕ್ ಪ್ರತ್ಯಯ ಸೇರಿ ಆದದ್ದು. ಮೊದಲ ಅರ್ಥ ನೀರಿಗಿಳಿಯುವ, ಹೊಳೆ ದಾಟುವ ಜಾಗ. ಪಾವಿತ್ರ್ಯ ಆಮೇಲೆ ಬಂದು ಕೂಡಿದ್ದು. ಹೊಳೆಯ ಪಕ್ಕದ ಈ ಸ್ಥಳಕ್ಕೆ ಎರಡೂ ಅರ್ಥ ಒಪ್ಪುತ್ತವೆ. ಹೀಗೆ ಹೆಸರಿನ ಅರ್ಧ ತುಳು, ಅರ್ಧ ಸಂಸ್ಕೃತ. ಒಂದು ಬಚ್ಚಲಿನಿಂದ ಬಂತು, ಇನ್ನೊಂದು ಶಾಸ್ತ್ರದಿಂದ ಬಂತು.

ಬೇರೆ ಕಡೆ ನೋಡಿದರೂ ಇದೇ ಕ್ರಮ. ‘ಉಷ ದಾಹೇ’ ಎಂಬ ಧಾತುವಿನ ‘ಉಷ್ಣ’ ಪ್ರಾಕೃತದಲ್ಲಿ ‘ಉಣ್ಹ’ವಾಗಿ ಮರಾಠಿಯಲ್ಲಿ ‘ಊನ್’ ಆಯಿತು. ಠಾಣೆಯಿಂದ ರತ್ನಾಗಿರಿಯವರೆಗೆ ಕೊಂಕಣದ ಉದ್ದಕ್ಕೂ ಬಿಸಿನೀರಿನ ಸೆಲೆಗಳ ಸಾಲೇ ಇದೆ. ಅದರಲ್ಲಿ ದಾಪೋಲಿ ಕಡೆಯ ಉನ್ಹವರೆ, ರಾಜಾಪುರದ ಉನ್ಹಾಳೆ ತಮ್ಮ ಹೆಸರಿನಲ್ಲೇ ಕಾವನ್ನು ಹೊತ್ತಿವೆ. ಬದರಿಯಲ್ಲಿ ತಪ್ತಕುಂಡ, ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ತಪ್ತಪಾಣಿ, ಸಟ್ಲೆಜ್ ದಡದಲ್ಲಿ ತತ್ತಾಪಾನಿ. ರಾಜಗೃಹದ ಬಿಸಿನೀರನ್ನು ಪಾಲಿ ಗ್ರಂಥಗಳು ‘ತಪೋದಾ’ ಎನ್ನುತ್ತವೆ. ಭಿಕ್ಷುಗಳು ಅಲ್ಲಿ ಮೀಯುತ್ತ ಹೊತ್ತು ಕಳೆದು ಬಿಂಬಿಸಾರ ರಾಜನನ್ನೇ ಕಾಯಿಸಿದ್ದರಿಂದ ಸ್ನಾನಕ್ಕೆ ನಿಯಮ ಬಂತೆಂದು ವಿನಯಪಿಟಕ ಹೇಳುತ್ತದೆ. ಆಯುರ್ವೇದದ ‘ಉಷ್ಣೋದಕ’ ಮಾತ್ರ ಬೇರೆ. ಅದು ಒಲೆಯ ಮೇಲೆ ಕಾಯಿಸಿದ ನೀರು. ತಾನೇ ಕಾದ ನೀರಿಗೆ ಆ ಶಬ್ದ ಹಾಕಿದರೆ ಗೊಂದಲ.

ಇನ್ನು ‘ಬುಗ್ಗೆ’. ಇದು ಕಾವನ್ನು ಹೇಳುವುದಿಲ್ಲ, ಚಿಮ್ಮುವ ಉಬ್ಬನ್ನು ಹೇಳುತ್ತದೆ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡಿಗರಿಗೆ ತೆಲುಗಿನ ‘ಬುಗ್ಗ’ ಗೊತ್ತೇ ಇದೆ. ಅದಕ್ಕೆ ಕೆನ್ನೆ ಎಂದೂ ಅರ್ಥ, ಸೆಲೆ ಎಂದೂ ಅರ್ಥ. ತಾಡಪತ್ರಿಯ ಬುಗ್ಗ ರಾಮಲಿಂಗೇಶ್ವರನಿಗೆ ಆ ಹೆಸರು ಬಂದದ್ದು ನೀರಿನ ಸೆಲೆಯಿಂದ. ಅದು ಬಿಸಿನೀರಲ್ಲ. ಆದ್ದರಿಂದ ಬರಿಯ ಬುಗ್ಗೆ ಎಂಬ ಊರಹೆಸರು ಕಂಡ ಕೂಡಲೇ ಬಿಸಿನೀರನ್ನು ಊಹಿಸಬಾರದು.

ಕಾಸರಗೋಡಿಗೆ ಮರಳೋಣ. ನಮ್ಮ ಹವ್ಯಕರ ಮನೆಮಾತಿನಲ್ಲಿ ಬೆನ್ನೀರೂ ಇಲ್ಲ, ಬಿಸಿನೀರೂ ಇಲ್ಲ, ‘ಬೆಶಿನೀರು’ ಇದೆ. ‘ಬೆಶಿನೀರು ಇದ್ದು, ಮೀವಲೆ ಬಾ ಮಗಾ’ ಎಂದು ಕರೆದ ನನ್ನ ಅಮ್ಮನ ದನಿ ಈ ವಯಸ್ಸಿನಲ್ಲೂ ಕಿವಿಯಲ್ಲಿದೆ. ಬಚ್ಚಲಿಗೆ ‘ಬೆಶಿನೀರ ಕೊಟ್ಟಗೆ’ ಎಂದೇ ಹೆಸರು. ಶಾಲೆಯಲ್ಲಿ ಹಾಗೆ ಬರೆದರೆ ನಾವೇ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು. ಮುಂದೆ ಇಕಾರವಿದ್ದರೆ ಹಿಂದಿನ ಎಕಾರ ಇಕಾರವಾಗುವುದು ಕನ್ನಡದ ಹಳೆಯ ಧ್ವನಿಪಲ್ಲಟ. ತಮಿಳಿನ ಚೆವಿ, ತುಳುವಿನ ಕೆಬಿ, ಹವ್ಯಕದ ಕೆಮಿ ಇವುಗಳ ಎದುರು ಕನ್ನಡದ ಕಿವಿ. ಬೆಶಿ ಮತ್ತು ಬಿಸಿಗಳ ಸಂಬಂಧವೂ ಹಾಗೆಯೇ. ನಾವು ತಿದ್ದುತ್ತಿದ್ದ ರೂಪ ಶಿಷ್ಟಕನ್ನಡಕ್ಕಿಂತ ಹಿಂದಿನ ಸ್ವರವನ್ನು ಹಿಡಿದುಕೊಂಡಿತ್ತು.

ಈಗ ತೀರ್ಥದ ಹೆಸರನ್ನು ಬೆಂದ್ರು, ಬೆಂದ್ರೆ ಎಂದೆಲ್ಲ ಬರೆಯುತ್ತಾರೆ. ತುಳುವಿನ ಕೊನೆಯ ಅರೆ ಉಕಾರಕ್ಕೆ ಕನ್ನಡ ಲಿಪಿಯಲ್ಲಿ ಸರಿಯಾದ ಗುರುತಿಲ್ಲದ್ದು ಇದಕ್ಕೆ ಕಾರಣ. ಅಷ್ಟು ಕ್ಷಮ್ಯ. ಆದರೆ ದೀರ್ಘ ಎಳೆದು ‘ಬೇಂದ್ರೆ’ ಎಂದರೆ ಅದು ಧಾರವಾಡದ ಕವಿಯ ಮನೆತನದ ಹೆಸರಾಯಿತು, ನೀರಿನ ಗುರುತೇ ಅಳಿಯಿತು. ಹೆಸರು ಹೋದರೆ ಅರ್ಥವೂ ಹೋಗುತ್ತದೆ. ನೆಲದಾಳಕ್ಕೆ ಇಳಿದ ಮಳೆನೀರು ಅಲ್ಲಿಯ ಕಾವು ಹೀರಿ ಬಿರುಕಿನ ದಾರಿಯಲ್ಲಿ ಮೇಲೆ ಬರುವುದರಿಂದ ಇಂಥ ಸೆಲೆ ಆಗುತ್ತದೆ. ಆ ನೀರು ತಣ್ಣಗಾಗಬಹುದು, ಬತ್ತಲೂಬಹುದು. ಆಗಲೂ ಇಲ್ಲಿ ಬಿಸಿನೀರಿತ್ತು ಎಂದು ಸಾಕ್ಷಿ ಹೇಳಲು ಹೆಸರೊಂದೇ ಉಳಿಯುತ್ತದೆ.

ಗಡಿನಾಡುಗಳಲ್ಲಿ ಮಾತು ಸಂಗ್ರಹಿಸುವ ವಿದ್ವಾಂಸರಲ್ಲಿ ನನ್ನದೊಂದು ಬಿನ್ನಹ. ವಯನಾಡಿರಲಿ, ತಾಳವಾಡಿಯಿರಲಿ, ಅಕ್ಕಲಕೋಟೆಯಿರಲಿ, ದೇವಸ್ಥಾನದ ಶಾಸನ ನೋಡಿದ ಮೇಲೆ ಒಮ್ಮೆ ಬಚ್ಚಲಮನೆಯ ಕಡೆಗೂ ಹೋಗಿ. ಮೀಯುವ ನೀರಿಗೆ ಏನೆನ್ನುತ್ತೀರಿ ಎಂದು ಅಲ್ಲಿಯ ಅಜ್ಜಿಯನ್ನು ಕೇಳಿ. ಅವಳು ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳಿ. ನಾನು ಆ ಹುಡುಗನಿಗೆ ಮಾಡಿದ್ದನ್ನು ನೀವು ಮಾಡಬೇಡಿ.