ಹೈದರಾಬಾದಿಗೆ ಬಂದ ಆದಾಮ

ಹೈದರಾಬಾದಿನ ಇತಿಹಾಸವೆಂದರೆ ವಜ್ರ, ಕೋಟೆ, ಚಾರ್‌ಮಿನಾರ್ ಎಂದುಕೊಂಡವರು ಅಲ್ಲಿ ನಡೆದ ಒಂದು ಅನುವಾದಕ್ಕೂ ಜಾಗ ಕೊಡಬೇಕು. 1647ರಲ್ಲಿ, ಅಂದರೆ ಊರು ಕಟ್ಟಿ ಇನ್ನೂ ಅರವತ್ತು ವರ್ಷ ತುಂಬದ, ಅಬ್ದುಲ್ಲಾ ಕುತುಬ್ ಷಾ ಆಳುತ್ತಿದ್ದ ಕಾಲದಲ್ಲಿ, ‘ದಬಿಸ್ತಾನ್-ಎ-ಮಝಾಹಿಬ್’ ಎಂಬ ಪಾರಸಿ ಗ್ರಂಥದ ಕರ್ತೃ ಅಲ್ಲಿ ಸರ್ಮದ್‌ನನ್ನು ಭೇಟಿಯಾದ. ಸರ್ಮದ್ ಯಹೂದಿ ಮನೆಯಲ್ಲಿ ಹುಟ್ಟಿ, ಯಹೂದಿಗಳ ಧರ್ಮಗ್ರಂಥವಾದ ತೋರಾ ಓದಿ ಬೆಳೆದು, ಆಮೇಲೆ ಇಸ್ಲಾಮಿಗೆ ಸೇರಿದವನು. ವ್ಯಾಪಾರಕ್ಕೆಂದು ಸಿಂಧ್‌ನ ಥಟ್ಟಾಕ್ಕೆ ಬಂದು, ಅಲ್ಲಿ ಅಭಯಚಂದ್ ಎಂಬ ಹಿಂದೂ ತರುಣನ ಮೇಲಿನ ಒಲವಿನಲ್ಲಿ ಸರಕು, ಬಟ್ಟೆ ಎರಡನ್ನೂ ಬಿಟ್ಟು ಫಕೀರನಾದ. ಈ ಅಭಯಚಂದ್ ಗುರುವಿನಿಂದ ತೋರಾ ಕಲಿತು ಅದರ ಆರಂಭವನ್ನು ಪಾರಸಿಗೆ ತಂದ. ಗ್ರಂಥಕರ್ತೃ ಅದನ್ನು ಸರ್ಮದ್‌ನ ಜೊತೆ ಕೂತು ತಿದ್ದಿ, ಯಹೂದಿಗಳ ಕುರಿತ ತನ್ನ ಅಧ್ಯಾಯದಲ್ಲಿ ಸೇರಿಸಿಕೊಂಡ.

ಆ ಅನುವಾದ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಲೋಕ ಹೇಗೆ ಹುಟ್ಟಿತೆಂದು ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ ತೋರಾದ ಮೊದಲ ಪುಸ್ತಕವಾದ ಆದಿಕಾಂಡದ ಎರಡು ಅಧ್ಯಾಯ ಸಾಕಿತ್ತು. ಅಭಯಚಂದ್‌ನ ಪಾರಸಿ ಆರನೆಯ ಅಧ್ಯಾಯದವರೆಗೆ, ಜಲಪ್ರಳಯದ ಹೊಸ್ತಿಲವರೆಗೆ ಸಾಗುತ್ತದೆ. ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ ತೋರಾದ ವಾರ್ಷಿಕ ಪಾರಾಯಣದ ಮೊದಲ ವಾರ ಓದುವ ಭಾಗವೂ ಪ್ರಳಯದ ಕಥೆ ಶುರುವಾಗುವ ಮುಂಚೆ, ಅದೇ ಅಧ್ಯಾಯದಲ್ಲಿ ಮುಗಿಯುತ್ತದೆ. ಆ ಪರಂಪರೆಯಲ್ಲಿ ಸೃಷ್ಟಿಕಥೆ ಏಳನೆಯ ದಿನಕ್ಕೆ ಮುಗಿದದ್ದೇ ಇಲ್ಲ. ಆದಾಮನ ಮಗ ಕಾಯಿನ ತನ್ನ ತಮ್ಮನನ್ನು ಕೊಂದದ್ದು, ಆದಾಮನ ವಂಶಾವಳಿ, ಭೂಮಿ ಕೆಡುಕಿನಿಂದ ತುಂಬಿದ್ದು ಎಲ್ಲವೂ ಅದರೊಳಗೇ ಬರುತ್ತವೆ. ಹೈದರಾಬಾದಿಗೆ ಬಂದದ್ದು ಜಗತ್ತಿನ ಹುಟ್ಟಿನ ವಿವರವಲ್ಲ, ಮನುಷ್ಯ ಮನುಷ್ಯನಿಗೆ ಏನಾಗಬೇಕು ಎಂಬ ಪ್ರಶ್ನೆ ಎಂದು ನಾನು ಹೇಳುವುದು ಇದಕ್ಕೇ.

ಯಹೂದಿ ಧರ್ಮಗುರುಗಳಾದ ರಬ್ಬಿಗಳು ಈ ಭಾಗವನ್ನು ಓದಿದ ರೀತಿಯೂ ಇದನ್ನೇ ತೋರಿಸುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಷ್ನಾ ಎಂಬ ಯಹೂದಿ ಧರ್ಮಶಾಸ್ತ್ರದಲ್ಲಿ, ದೇವರು ಆದಾಮನನ್ನು ಒಬ್ಬನನ್ನೇ ಏಕೆ ಸೃಷ್ಟಿಸಿದ ಎಂಬ ಚರ್ಚೆ ಬರುತ್ತದೆ. ಒಂದು ಜೀವ ತೆಗೆದವನು ಇಡೀ ಲೋಕವನ್ನೇ ಅಳಿಸಿದಂತೆ ಎಂದು ತಿಳಿಯಲಿಕ್ಕೆ. ನನ್ನ ಪೂರ್ವಜ ನಿನ್ನ ಪೂರ್ವಜನಿಗಿಂತ ದೊಡ್ಡವನೆಂದು ಯಾರೂ ಹೇಳಬಾರದೆಂದು. ಈ ಮಾತು ಬರುವ ಜಾಗವೂ ಮುಖ್ಯ: ಮರಣದಂಡನೆಯ ಮೊಕದ್ದಮೆಯಲ್ಲಿ ಸಾಕ್ಷಿಗಳಿಗೆ ಕೊಡುವ ಎಚ್ಚರಿಕೆಯ ನಡುವೆ. ನೆರೆಯವನನ್ನು ಪ್ರೀತಿಸುವುದೇ ತೋರಾದ ದೊಡ್ಡ ತತ್ವವೆಂದು ರಬ್ಬಿ ಅಕಿವಾ ಹೇಳಿದಾಗ, ವಿದ್ವಾಂಸ ಬೆನ್ ಅಜ್ಜೈ ಅದಕ್ಕಿಂತ ದೊಡ್ಡದೆಂದು ತೋರಿಸಿದ್ದು ಆದಿಕಾಂಡದ ಐದನೆಯ ಅಧ್ಯಾಯದ ಮೊದಲ ವಚನವನ್ನು, ಒಣ ವಂಶಾವಳಿ ಎಂದು ನಾವು ದಾಟಿಬಿಡುವ ಜಾಗವನ್ನು. ಅಲ್ಲಿ ಎಲ್ಲರೂ ಒಬ್ಬನ ಮಕ್ಕಳು, ಅವನು ದೇವರ ಹೋಲಿಕೆಯಲ್ಲಿ ಆದವನು. ಕನ್ನಡಿಗರಿಗೆ ಈ ವಿಚಾರ ಅಪರಿಚಿತವಲ್ಲ. ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ, 941ರ ‘ಆದಿಪುರಾಣ’ದಲ್ಲಿ ಮನುಷ್ಯಕುಲ ಒಂದೇ ಎಂಬ ಮಾತನ್ನು ಇನ್ನೊಂದು ಆದಿಯ ಕಥೆಯೊಳಗೆ ಇಟ್ಟಿದ್ದಾನೆ.

ಹೈದರಾಬಾದಿಗೆ ಬಂದದ್ದು ನೀತಿಯ ಪ್ರಶ್ನೆ ಎಂಬ ನನ್ನ ಮಾತಿಗೆ ಗಟ್ಟಿಯಾದ ಆಕ್ಷೇಪವೊಂದಿದೆ. ‘ದಬಿಸ್ತಾನ್’ನಲ್ಲಿ ಸರ್ಮದ್ ಹೇಳಿದ್ದೆಂದು ದಾಖಲಾಗಿರುವುದು ನೀತಿಯಲ್ಲ: ದೇವರಿಗೆ ಮನುಷ್ಯಾಕಾರದ ದೇಹವಿದೆ, ಮನುಷ್ಯನ ಆಯುಷ್ಯ 120 ವರ್ಷದ ಒಂದು ಹಗಲು, ಸಾವು ಅಷ್ಟೇ ಉದ್ದದ ರಾತ್ರಿ. ಯಾವ ಯಹೂದಿ ಇದನ್ನು ಒಪ್ಪುತ್ತಾನೆ? ದೇವರಿಗೆ ದೇಹವಿದೆ ಎನ್ನುವವನನ್ನು 12ನೆಯ ಶತಮಾನದಲ್ಲಿ ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ಧರ್ಮದ್ರೋಹಿಗಳ ಸಾಲಿಗೆ ಸೇರಿಸಿದ್ದ. ಆದರೆ ಅವನ ಸಮಕಾಲೀನನಾದ ಪ್ರೊವೆನ್ಸಿನ ರಬ್ಬಿ ಅಬ್ರಹಾಂ ಬೆನ್ ಡೇವಿಡ್ ಅದಕ್ಕೆ ಟಿಪ್ಪಣಿ ಬರೆದು, ಮೈಮೊನಿಡೀಸನಿಗಿಂತ ದೊಡ್ಡವರು ಹಾಗೆ ನಂಬಿದ್ದಾರೆ, ಅವರನ್ನು ದ್ರೋಹಿಗಳೆನ್ನಬೇಡ ಎಂದ. ವಾದ ಮನೆಯೊಳಗಿನದೇ. 120 ವರ್ಷದ ಲೆಕ್ಕವೂ ಎಲ್ಲಿಂದಲೋ ಬಂದದ್ದಲ್ಲ. ಆರನೆಯ ಅಧ್ಯಾಯದ ಮೂರನೆಯ ವಚನ ಮನುಷ್ಯನಿಗೆ ಅಷ್ಟೇ ಆಯುಷ್ಯ ಗೊತ್ತುಮಾಡುತ್ತದೆ. ಹಗಲು ರಾತ್ರಿಯ ಚಕ್ರ ಸೂಫಿಗಳ, ಯೋಗಿಗಳ ಸಹವಾಸದಿಂದ ಸೇರಿರಬಹುದು, ಆಧಾರ ಮಾತ್ರ ಅಭಯಚಂದ್ ಅನುವಾದಿಸಿದ ಪುಟಗಳಲ್ಲೇ ಇದೆ.

ಸರ್ಮದ್ ಯಹೂದಿ ಧರ್ಮ ಬಿಟ್ಟವನು, ಅವನ ಸಾಕ್ಷ್ಯಕ್ಕೆ ಏನು ಬೆಲೆ ಎಂದೂ ಕೇಳಬಹುದು. ಧರ್ಮ ಬಿಟ್ಟವನು ಪಾಠ ಮರೆತಿರಲಿಲ್ಲ ಎಂಬುದಕ್ಕೆ ಶಿಷ್ಯನ ಅನುವಾದವೇ ಪುರಾವೆ. ಕೊಚ್ಚಿಯ ಯಹೂದಿಗಳು ಪ್ರತಿವರ್ಷ ಇದೇ ಭಾಗವನ್ನು ತಮ್ಮವರ ನಡುವೆ ಓದುತ್ತಿದ್ದರು. ಹೈದರಾಬಾದಿನಲ್ಲಿ ಅದನ್ನು ಕಲಿಸಿದವನು ಮುಸಲ್ಮಾನನಾದ ಯಹೂದಿ, ಬರೆದವನು ಹಿಂದೂ, ರಾಜ್ಯ ಷಿಯಾ ಸುಲ್ತಾನನದು. ಆದಾಮನ ವಂಶಾವಳಿಯನ್ನು ಎಲ್ಲರದೆಂದು ಓದಿದ ಬೆನ್ ಅಜ್ಜೈಗೆ ಇದಕ್ಕಿಂತ ಒಪ್ಪುವ ಓದುಗರ ಕೂಟ ಇರಲಾರದು. ಇದರಿಂದ ಡೆಕ್ಕನ್ನಿನಲ್ಲಿ ಸೌಹಾರ್ದದ ಯುಗ ಹುಟ್ಟಿತೆಂದು ನಾನು ಹೇಳುವುದಿಲ್ಲ. ಸರ್ಮದ್ ಮುಂದೆ ದಿಲ್ಲಿಗೆ ಹೋಗಿ ಮೊಘಲ್ ರಾಜಕುಮಾರ ದಾರಾ ಶಿಕೋಹನ ಆಪ್ತನಾದ. ದಾರಾ ತಮ್ಮನಾದ ಔರಂಗಜೇಬನಿಗೆ ಸೋತು ಸತ್ತ ಮೇಲೆ, ಸುಮಾರು 1661ರಲ್ಲಿ, ಔರಂಗಜೇಬನ ಆಳ್ವಿಕೆ ಬೆತ್ತಲೆತನ ಮತ್ತು ಧರ್ಮನಿಂದೆಯ ಆರೋಪ ಹೊರಿಸಿ ಅವನ ತಲೆ ಕಡಿಸಿತು. ಒಂದು ಜೀವವೆಂದರೆ ಒಂದು ಲೋಕ ಎಂದು ರಬ್ಬಿಗಳು ಎಚ್ಚರಿಸಿದ್ದು ಇಂಥದ್ದೇ ವಿಚಾರಣೆಯಲ್ಲಿ ಸಾಕ್ಷಿ ನುಡಿಯುವವರನ್ನು.