ಗ್ಯಾನ್ಸವೂರ್ಟ್ ಪೇಟೆ: ಹೆಸರು ಉಳಿದು ಕಸುಬು ಅಳಿದ ಬಗೆ

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ಪಶ್ಚಿಮದಲ್ಲಿ, ಹಡ್ಸನ್ ನದಿಯ ಸಮೀಪದಲ್ಲಿ, ಗ್ಯಾನ್ಸವೂರ್ಟ್ ಎಂಬ ಬೀದಿಯಿದೆ. ‘ಮೋಬಿ ಡಿಕ್’ ಕಾದಂಬರಿಯನ್ನು ಬರೆದ ಹರ್ಮನ್ ಮೆಲ್ವಿಲ್ಲನು 1866ರಲ್ಲಿ ಆ ನಗರದ ಸುಂಕದ ಇಲಾಖೆಯನ್ನು ಸೇರಿದನು. 1870ರಲ್ಲಿ ಅವನು ಅಲ್ಲಿನ ಹೋಟೆಲೊಂದರಲ್ಲಿ ‘ಗ್ಯಾನ್ಸವೂರ್ಟ್’ ಎಂದರೇನೆಂದು ವಿಚಾರಿಸಿದನು. ಹಿಂದೆ ಅಲ್ಲಿ ಆಸ್ತಿಯಿದ್ದ ಸಿರಿವಂತ ಮನೆತನವೊಂದರ ಹೆಸರೆಂಬ ಉತ್ತರ ದೊರೆಯಿತು. ವಸ್ತುತಃ ಅದು 1777ರಲ್ಲಿ ಸ್ಟ್ಯಾನ್‌ವಿಕ್ಸ್ ಕೋಟೆಯನ್ನು ಬ್ರಿಟಿಷರ ಮುತ್ತಿಗೆಯಿಂದ ಕಾಪಾಡಿದ ಪೀಟರ್ ಗ್ಯಾನ್ಸವೂರ್ಟನ ಹೆಸರು. ಆ ಸೇನಾನಿ ಮೆಲ್ವಿಲ್ಲನ ತಾಯಿಯ ತಂದೆ. ಹೆಸರು ಉಳಿದರೂ ಅದರ ಅರ್ಥ ಮರೆತುಹೋಗಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಅದೇ ಸ್ಥಳದಲ್ಲಿ ಮುಂದೆ ಬೆಳೆದ ಮಾಂಸದ ಪೇಟೆಗೂ ಇದೇ ಗತಿ ಒದಗಿತು.

ಈ ಪೇಟೆಯ ಏಳ್ಗೆಗೆ ಮೂರು ಆಧಾರಗಳಿದ್ದುವು. ಮೊದಲನೆಯದು ನದಿ. 1879ರಲ್ಲಿ ರೈತರ ಬಯಲು ಸಂತೆ ಇಲ್ಲಿ ನೆಲೆಗೊಂಡಿತು. 1889ರಲ್ಲಿ ದಡದ ಬಳಿ ವೆಸ್ಟ್ ವಾಷಿಂಗ್ಟನ್ ಮಾರುಕಟ್ಟೆ ಆರಂಭವಾಗಿ ಮಾಂಸ, ಕೋಳಿಗಳ ವ್ಯಾಪಾರ ಬೆಳೆಯಿತು. ಎರಡನೆಯದು ಶೈತ್ಯ. ಶೀತಲಗೃಹದ ಕಂಪೆನಿಯೊಂದು ತಣ್ಣಗಾಗಿಸಿದ ಉಪ್ಪುನೀರನ್ನು ನೆಲದಡಿಯ ಕೊಳವೆಗಳ ಮೂಲಕ ಮಾರುಕಟ್ಟೆಗೆ ಹಾಯಿಸುತ್ತಿತ್ತು. ಮೂರನೆಯದು ರೈಲು. ಮೊದಲಲ್ಲಿ ರೈಲುಗಳು ಬೀದಿಯ ಮೇಲೆಯೇ ಓಡುತ್ತಿದ್ದುವು. ಜನರನ್ನು ಎಚ್ಚರಿಸಲು ಮುಂದೆ ಕುದುರೆಸವಾರನೊಬ್ಬನು ಸಾಗುತ್ತಿದ್ದನು. ಆದರೂ ಅಪಘಾತಗಳು ನಿಲ್ಲಲಿಲ್ಲ. ಕಡೆಗೆ 1934ರಲ್ಲಿ ಬೀದಿಗಿಂತ ಎತ್ತರದಲ್ಲಿ ‘ಹೈ ಲೈನ್’ ಎಂಬ ಮಾರ್ಗ ಸಿದ್ಧವಾಯಿತು. ಅದು ಕೆಲವು ಕಟ್ಟಡಗಳ ಒಳಗೇ ಹಾದುಹೋಗಿ ಸರಕನ್ನು ಮೇಲಂತಸ್ತಿನಲ್ಲಿಯೇ ಇಳಿಸುತ್ತಿತ್ತು.

ಈ ಆಧಾರಗಳು ಸಡಿಲವಾದಾಗ ಪೇಟೆ ಕುಸಿಯಿತು. ಲಾರಿಗಳ ಸಂಚಾರ ಹೆಚ್ಚಿದಂತೆ ರೈಲಿನ ಅಗತ್ಯ ಕುಗ್ಗಿತು. 1980ರಲ್ಲಿ ಹೈ ಲೈನಿನ ಮೇಲೆ ಕಡೆಯ ರೈಲು ಓಡಿತು. ಅದಕ್ಕಿಂತಲೂ ಗಾಢವಾದ ಕಾರಣ ಕಸುಬಿನೊಳಗೇ ಇತ್ತು. 1960ರಲ್ಲಿ ಸ್ಥಾಪಿತವಾದ ಅಯೋವಾ ಬೀಫ್ ಪ್ಯಾಕರ್ಸ್ ಸಂಸ್ಥೆಯು 1967ರಲ್ಲಿ ಮಾಂಸವನ್ನು ಕಾರ್ಖಾನೆಯಲ್ಲಿಯೇ ತುಂಡರಿಸಿ, ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುವ ಪದ್ಧತಿಯನ್ನು ಆರಂಭಿಸಿತು. ಇಡೀ ಮಾಂಸವನ್ನು ಕೊಕ್ಕೆಗೆ ತೂಗುಹಾಕಿ, ಕಂಬಿಯ ಮೇಲೆ ಒಳಗೆ ಸಾಗಿಸಿ, ನಗರದಲ್ಲಿ ಕತ್ತರಿಸುತ್ತಿದ್ದ ನುರಿತ ಕೆಲಸಗಾರನ ಅವಶ್ಯಕತೆ ಇದರಿಂದ ಕಡಿಮೆಯಾಯಿತು. ಬ್ರಾಂಕ್ಸಿನ ಹಂಟ್ಸ್ ಪಾಯಿಂಟಿನಲ್ಲಿ 1967ರಲ್ಲಿ ಹಣ್ಣು ತರಕಾರಿಗಳ ಮಾರುಕಟ್ಟೆಯೂ, 1970ರ ದಶಕದಲ್ಲಿ ಮಾಂಸದ ಸಹಕಾರಿ ಮಾರುಕಟ್ಟೆಯೂ ತೆರೆದುವು.

2003ರಲ್ಲಿ ನಗರವು ಈ ಪೇಟೆಯ ಬಹುಭಾಗವನ್ನು ಐತಿಹಾಸಿಕ ವಲಯವೆಂದು ಘೋಷಿಸಿತು. ರಕ್ಷಿತವಾದ ತಗ್ಗು ಕಟ್ಟಡಗಳಲ್ಲಿ ಕೆಲವು ಮೊದಲು ಎತ್ತರದ ವಸತಿಗೃಹಗಳಾಗಿದ್ದುವು. ವ್ಯಾಪಾರಿಗಳು ಅವುಗಳ ಮೇಲಂತಸ್ತುಗಳನ್ನು ತೆಗೆದು ಮಳಿಗೆಗಳನ್ನಾಗಿ ಮಾಡಿಕೊಂಡಿದ್ದರು. ಎಂದರೆ, ಹಿಂದಿನದನ್ನು ಅಳಿಸಿ ಕಟ್ಟಿದ್ದನ್ನೇ ಮುಂದಿನವರು ಪರಂಪರೆಯೆಂದು ಉಳಿಸಿಕೊಂಡರು. 2009ರಲ್ಲಿ ಹೈ ಲೈನಿನ ಮೊದಲ ಭಾಗ ಉದ್ಯಾನವಾಗಿ ತೆರೆಯಿತು. 2015ರಲ್ಲಿ ವ್ಹಿಟ್ನಿ ಕಲಾಸಂಗ್ರಹಾಲಯ ಇಲ್ಲಿಗೆ ಬಂದಿತು. ಕಡೆಗೆ 2024ರಲ್ಲಿ, ನಗರದ ಜಾಗದಲ್ಲಿ ಉಳಿದಿದ್ದ ಕೆಲವೇ ಮಾಂಸ ವ್ಯಾಪಾರಿಗಳು ಗುತ್ತಿಗೆಯನ್ನು ಅವಧಿಗೆ ಮುನ್ನವೇ ಬಿಟ್ಟುಕೊಡಲು ಒಪ್ಪಿದರೆಂದೂ, ಅಲ್ಲಿ 600ರವರೆಗೆ ಮನೆಗಳನ್ನು ಕಟ್ಟುವ ಯೋಜನೆಯಿದೆಯೆಂದೂ ಪ್ರಕಟವಾಯಿತು.

ಸಂರಕ್ಷಕರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರ ಪ್ರಯತ್ನವಿಲ್ಲದಿದ್ದರೆ ಕಟ್ಟಡಗಳೂ ಅಳಿಯುತ್ತಿದ್ದುವು. ಮನೆಗಳ ಅಗತ್ಯವನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಸಂರಕ್ಷಣೆಯ ಶಾಸನ ಇಟ್ಟಿಗೆಯನ್ನು ಕಾಯಬಲ್ಲುದೇ ಹೊರತು ಕಸುಬನ್ನು ಕಾಯಲಾರದು. ಬೆಳಗಿನ ಜಾವಕ್ಕೆ ಮುಂಚೆಯೇ ಕೆಲಸಕ್ಕಿಳಿಯುತ್ತಿದ್ದವರ ಕೈಚಳಕ, ಕೂಲಿಯ ಕ್ರಮ, ಆಡುನುಡಿ, ಇವು ಯಾವ ಘೋಷಣೆಯಲ್ಲಿಯೂ ಸೇರುವುದಿಲ್ಲ. ಆದುದರಿಂದ ಪೇಟೆಯ ಇತಿಹಾಸವನ್ನು ಬರೆಯಹೊರಟ ವಿದ್ಯಾರ್ಥಿಯು, ಕಟ್ಟಡದ ಅಳತೆಗಿಂತ ಮೊದಲು, ಕಸುಬನ್ನು ಬಲ್ಲವರು ಬದುಕಿರುವಾಗಲೇ ಅವರ ಮಾತನ್ನು ಬರೆದುಕೊಳ್ಳಬೇಕು. ಇಲ್ಲವಾದರೆ ಇನ್ನು ಅರವತ್ತು ವರ್ಷಗಳ ಮೇಲೆ ಯಾವನಾದರೊಬ್ಬನು ಈ ಬೀದಿಗೆ ಬಂದು, ಇದನ್ನು ಮಾಂಸದ ಪೇಟೆಯೆಂದು ಏಕೆ ಕರೆದರೆಂದು ಕೇಳಿಯಾನು. ಅವನಿಗೂ ಮೆಲ್ವಿಲ್ಲನಿಗೆ ದೊರೆತಂಥ ಉತ್ತರವೇ ದೊರೆತೀತು.